ಏಳು ಮಂದಿಯ ಅಂಗಡಿಗೆ ಒಬ್ಬನ ಹೆಸರು

ಲಂಡನ್ ನಗರದ ರೆಡ್ ಲಯನ್ ಸ್ಕ್ವೇರ್‌ನಲ್ಲಿ, 8ನೇ ಸಂಖ್ಯೆಯ ಕಟ್ಟಡದಲ್ಲಿ, 1861ರ ಏಪ್ರಿಲ್ ತಿಂಗಳಲ್ಲಿ ಹೊಸ ವ್ಯಾಪಾರವೊಂದು ಆರಂಭವಾಯಿತು. ಕೈಯಿಂದ ಮಾಡಿದ ಪೀಠೋಪಕರಣ, ಬಣ್ಣದ ಗಾಜಿನ ಕಿಟಕಿ, ಕಸೂತಿ, ಚಿತ್ರ ಬರೆದ ಟೈಲ್ಸ್, ಲೋಹದ ಸಾಮಾನು ಅಲ್ಲಿಯ ಸರಕು. ಗಾಜು ಮತ್ತು ಟೈಲ್ಸ್ ಸುಡುವ ಕುಲುಮೆ ನೆಲಮಾಳಿಗೆಯಲ್ಲಿತ್ತು. ವ್ಯಾಪಾರದ ಹೆಸರು ‘ಮಾರಿಸ್, ಮಾರ್ಷಲ್, ಫಾಕ್ನರ್ ಅಂಡ್ ಕಂಪನಿ’. ಹೆಸರಿನಲ್ಲಿ ಕಾಣಿಸಿಕೊಂಡವರು ಮೂವರು. ಪಾಲುದಾರರಾಗಿ ಹಣ ಹಾಕಿದವರು ಏಳು ಮಂದಿ.

ಈ ಏಳು ಮಂದಿಯಲ್ಲಿ ಆಗಲೇ ಲಂಡನ್ನಿನ ಕಲಾವಲಯದಲ್ಲಿ ಹೆಸರು ಮಾಡಿದ್ದವರು ದಾಂತೆ ಗೇಬ್ರಿಯಲ್ ರೊಸೆಟ್ಟಿ ಮತ್ತು ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಎಂಬ ಚಿತ್ರಕಾರರು. ಎಡ್ವರ್ಡ್ ಬರ್ನ್-ಜೋನ್ಸ್ ಆಗಷ್ಟೇ ಬೆಳಕಿಗೆ ಬರುತ್ತಿದ್ದ. ಫಿಲಿಪ್ ವೆಬ್ ವಾಸ್ತುಶಿಲ್ಪಿ. ಈ ನಾಲ್ವರೂ ‘ಅಂಡ್ ಕಂಪನಿ’ ಎಂಬ ಪುಟ್ಟ ಪದದೊಳಗೆ ಅಡಗಿಕೊಂಡರು. ನಾಮಫಲಕದ ಮೇಲೆ ಬಂದ ಪೀಟರ್ ಪಾಲ್ ಮಾರ್ಷಲ್ ವೃತ್ತಿಯಿಂದ ಸರ್ವೇಯರ್. ಚಾರ್ಲ್ಸ್ ಫಾಕ್ನರ್ ಆಕ್ಸ್‌ಫರ್ಡ್‌ನಲ್ಲಿ ಗಣಿತ ಕಲಿಸುತ್ತಿದ್ದವನು. ಕಲೆಯಲ್ಲಿ ಇಬ್ಬರೂ ಹವ್ಯಾಸಿಗಳು. ಇಂದಿನ ಯಾವ ವ್ಯಾಪಾರಿಯೂ ಇಂಥ ಹೆಸರನ್ನು ಆರಿಸಿಕೊಳ್ಳಲಾರ. ಮೊದಲ ಹೆಸರಿನ ಒಡೆಯ ವಿಲಿಯಂ ಮಾರಿಸ್‌ಗೆ ಆಗ 27 ವರ್ಷ. ಹದಿನಾಲ್ಕು ವರ್ಷಗಳ ಬಳಿಕ ಫಲಕದ ಮೇಲೆ ಉಳಿದದ್ದು ಅವನೊಬ್ಬನ ಹೆಸರು. ಅದಕ್ಕೆ ತೆತ್ತ ಬೆಲೆಯಲ್ಲಿ ಹಣಕ್ಕಿಂತ ಹೆಚ್ಚಿನದೂ ಸೇರಿತ್ತು.

ಮಾರಿಸ್ ಹುಟ್ಟಿದ್ದು 1834ರ ಮಾರ್ಚ್ 24ರಂದು, ಲಂಡನ್ ಹೊರವಲಯದ ವಾಲ್ತಮ್‌ಸ್ಟೋದಲ್ಲಿ. ತಂದೆ ಹಣಕಾಸಿನ ಪೇಟೆಯ ದಲ್ಲಾಳಿ. ಡೆವನ್ ಪ್ರಾಂತ್ಯದ ತಾಮ್ರದ ಗಣಿಯೊಂದರ ಷೇರುಗಳು ಆ ಮನೆತನವನ್ನು ಸಿರಿವಂತರನ್ನಾಗಿಸಿದ್ದವು. ತಂದೆ 1847ರಲ್ಲಿ ತೀರಿಕೊಂಡರೂ ಷೇರುಗಳು ಉಳಿದವು. ಪ್ರಾಯಕ್ಕೆ ಬಂದ ಮಗನಿಗೆ ಅವುಗಳಿಂದ ವರ್ಷಕ್ಕೆ ಸುಮಾರು 900 ಪೌಂಡ್ ಆದಾಯ ಬರತೊಡಗಿತು. ಪಾದ್ರಿಯಾಗಬೇಕೆಂದು 1853ರಲ್ಲಿ ಆಕ್ಸ್‌ಫರ್ಡ್ ಸೇರಿದ ಹುಡುಗ ಅಲ್ಲಿ ಬರ್ನ್-ಜೋನ್ಸ್‌ನ ಜೀವದ ಗೆಳೆಯನಾದ. ಇಬ್ಬರೂ ಪೌರೋಹಿತ್ಯದ ಆಸೆ ಬಿಟ್ಟು ಕಲೆಗೆ ಒಲಿದರು. ಮಾರಿಸ್ ಕೆಲಕಾಲ ವಾಸ್ತುಶಿಲ್ಪಿಯೊಬ್ಬನ ಕಚೇರಿಯಲ್ಲಿ ಕಲಿತ; ಅಲ್ಲಿ ವೆಬ್‌ನ ಪರಿಚಯವಾಯಿತು. ಆಮೇಲೆ ರೊಸೆಟ್ಟಿಯ ಪ್ರಭಾವಕ್ಕೆ ಸಿಕ್ಕಿ ಕುಂಚ ಹಿಡಿದ. ಚಿತ್ರಕಲೆ ತನಗೆ ಒಲಿಯುವುದಿಲ್ಲವೆಂಬುದು ಬಹುಬೇಗ ಅರಿವಾಯಿತು.

1859ರಲ್ಲಿ ಜೇನ್ ಬರ್ಡೆನ್ ಎಂಬ, ಕುದುರೆಲಾಯದ ಕೆಲಸಗಾರನ ಮಗಳನ್ನು ಮದುವೆಯಾದ ಮಾರಿಸ್‌ಗೆ ವೆಬ್ ಒಂದು ಮನೆ ಕಟ್ಟಿಕೊಟ್ಟ. ಕೆಂಟ್ ಸೀಮೆಯ ಬೆಕ್ಸ್ಲಿಹೀತ್‌ನಲ್ಲಿ ಸುಟ್ಟ ಇಟ್ಟಿಗೆಯನ್ನು ಗಾರೆ ಬಳಿದು ಮುಚ್ಚದೆ ಕಟ್ಟಿದ್ದರಿಂದ ಅದಕ್ಕೆ ‘ರೆಡ್ ಹೌಸ್’ ಎಂಬ ಹೆಸರು ಬಂತು. ಮನೆ ಸಿದ್ಧವಾದರೂ ಒಳಗಿಡಲು ಮನಸ್ಸಿಗೊಪ್ಪುವ ಸಾಮಾನು ಪೇಟೆಯಲ್ಲಿ ಸಿಗಲಿಲ್ಲ. ಅಂದಿನ ಕಾರ್ಖಾನೆಗಳ ಮಾಲು ಮಾರಿಸ್‌ನ ಕಣ್ಣಿಗೆ ಒಡ್ಡೊಡ್ಡಾಗಿ, ಸುಳ್ಳು ಅಲಂಕಾರದಿಂದ ತುಂಬಿದ್ದಾಗಿ ಕಂಡಿತು. ಹೀಗಾಗಿ ಗೆಳೆಯರೆಲ್ಲ ಕೂಡಿ ಗೋಡೆಗೆ ಚಿತ್ರ ಬರೆದರು, ಮೇಜು ಕುರ್ಚಿ ವಿನ್ಯಾಸಗೊಳಿಸಿದರು, ಹೆಂಗಸರು ಪರದೆಗಳ ಮೇಲೆ ಕಸೂತಿ ಹಾಕಿದರು. ತಮಗಾಗಿ ಮಾಡಿಕೊಂಡದ್ದನ್ನು ಇತರರಿಗೂ ಏಕೆ ಮಾರಬಾರದು ಎಂಬ ಆಲೋಚನೆ ಹುಟ್ಟಿದ್ದು ಈ ಕೂಟದಲ್ಲಿ.

ಹೆಸರಿನ ಪ್ರಶ್ನೆ ಇಲ್ಲಿಂದಲೇ ಕುತೂಹಲಕರವಾಗುತ್ತದೆ. ರೊಸೆಟ್ಟಿ 1848ರಲ್ಲಿಯೇ ಚಿತ್ರಕಾರರ ಒಂದು ‘ಬ್ರದರ್‌ಹುಡ್’ ಕಟ್ಟಿದವರಲ್ಲಿ ಒಬ್ಬ. ಮಾರಿಸ್ ಮತ್ತು ಬರ್ನ್-ಜೋನ್ಸ್ ಆಕ್ಸ್‌ಫರ್ಡ್‌ನಲ್ಲಿ ತಮ್ಮ ಗೆಳೆಯರ ಗುಂಪನ್ನು ಅದೇ ಪದದಿಂದ ಕರೆದುಕೊಂಡವರು. ಮಧ್ಯಯುಗದ ಮಠ, ಕಸುಬುದಾರರ ಸಂಘ, ವೀರಯೋಧರ ಕಥೆ ಇವೇ ಅವರ ಕನಸಿನ ಲೋಕ. ಅಂಥವರು ಅಂಗಡಿಗೆ ಪುರಾತನ ಗಾಂಭೀರ್ಯದ ಹೆಸರನ್ನೇ ಹುಡುಕಿಯಾರೆಂದು ಯಾರೂ ಊಹಿಸಬಹುದಿತ್ತು. ಅವರು ಆರಿಸಿಕೊಂಡದ್ದು ಲಂಡನ್ ಪೇಟೆಯ ಯಾವುದೇ ದಿನಸಿ ಸಗಟು ವ್ಯಾಪಾರಿಯ ಫಲಕದ ಮೇಲೆ ಕಾಣುವಂಥ ಹೆಸರನ್ನು: ಅಡ್ಡಹೆಸರುಗಳ ಸಾಲು, ಕೊನೆಗೊಂದು ‘ಅಂಡ್ ಕಂಪನಿ’. ಸಭ್ಯ ಮನೆತನದವರು ಅಂಗಡಿ ಇಡುವುದನ್ನೇ ಕೀಳೆಂದು ಬಗೆಯುತ್ತಿದ್ದ ಸಮಾಜದಲ್ಲಿ ಈ ಯುವಕರು ತಾವು ವ್ಯಾಪಾರಿಗಳೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಕರಪತ್ರದಲ್ಲಿ ತಮ್ಮನ್ನು ಬಣ್ಣ, ಕೆತ್ತನೆ, ಪೀಠೋಪಕರಣ, ಲೋಹ ಈ ನಾಲ್ಕರಲ್ಲಿ ದುಡಿಯುವ ಲಲಿತಕಲೆಯ ಕೆಲಸಗಾರರೆಂದು ಬಣ್ಣಿಸಿಕೊಂಡರು. ಕಲಾವಿದರೆಂಬ ಪದದ ಜಾಗದಲ್ಲಿ ಕೆಲಸಗಾರರೆಂಬ ಪದ ಬಂದದ್ದು ಸಣ್ಣ ಸಂಗತಿಯಲ್ಲ. ಕರಪತ್ರದ ಕೆಳಗೆ ಎಂಟು ಹೆಸರುಗಳಿದ್ದವು. ಎಂಟನೆಯವನಾದ ಚಿತ್ರಕಾರ ಆರ್ಥರ್ ಹ್ಯೂಸ್ ಬೇಗನೆ ಹಿಂದೆ ಸರಿದ. ಪಾಲುದಾರರು ಪರಸ್ಪರ ಮಾತಿನಲ್ಲಿ ಇಡೀ ಉದ್ದನೆಯ ಹೆಸರನ್ನು ಬಿಟ್ಟು ಬರೇ ‘ಫರ್ಮ್’ ಎನ್ನುತ್ತಿದ್ದರು.

ಬಂಡವಾಳವೆಂಬುದು ಇದ್ದೂ ಇಲ್ಲದಂತಿತ್ತು. ಒಬ್ಬೊಬ್ಬರೂ ಹಾಕಿದ್ದು 1 ಪೌಂಡ್; ಮಾರಿಸ್‌ನ ತಾಯಿ ಸಾಲವಾಗಿ ಕೊಟ್ಟದ್ದು 100 ಪೌಂಡ್. ವಾರಕ್ಕೊಮ್ಮೆ ಸಂಜೆ ಸಭೆ ಸೇರುತ್ತಿತ್ತು, ಹರಟೆ ನಗೆಗಳ ನಡುವೆ ಲೆಕ್ಕಪತ್ರವೂ ಸ್ವಲ್ಪ ನಡೆಯುತ್ತಿತ್ತು. ಲೆಕ್ಕ ಬರೆಯುವವನು ಗಣಿತದ ಫಾಕ್ನರ್. ಅವನ ತಂಗಿಯರಾದ ಕೇಟ್ ಮತ್ತು ಲೂಸಿ ಟೈಲ್ಸ್ ಮೇಲೆ ಚಿತ್ರ ಬರೆದರು. ಜೇನ್, ಅವಳ ತಂಗಿ ಬೆಸ್ಸಿ, ಬರ್ನ್-ಜೋನ್ಸ್‌ನ ಹೆಂಡತಿ ಜಾರ್ಜಿಯಾನಾ ಸೂಜಿ ಹಿಡಿದರು. ಗಾಜಿನ ಕೆಲಸಕ್ಕೆ ಜಾರ್ಜ್ ಕ್ಯಾಂಪ್‌ಫೀಲ್ಡ್ ಎಂಬ ಮೇಸ್ತ್ರಿ ಬಂದ. ಅವನ ಕೈಕೆಳಗೆ ಯೂಸ್ಟನ್ ರಸ್ತೆಯ ಅನಾಥಾಲಯದಿಂದ ಕರೆತಂದ ಹುಡುಗರಿದ್ದರು. ಕರಕುಶಲ ವ್ಯಾಪಾರದ ಹೆಸರನ್ನು ಕುರಿತು ಯೋಚಿಸುವಾಗ ಈ ಪಟ್ಟಿಯನ್ನು ನೆನಪಿಡುವುದು ಒಳ್ಳೆಯದು. ಫಲಕದಲ್ಲಿ ಮೂವರು, ಕರಾರಿನಲ್ಲಿ ಏಳು ಮಂದಿ, ಕೆಲಸದಲ್ಲಿ ಅದಕ್ಕೂ ಎಷ್ಟೋ ಹೆಚ್ಚು ಕೈಗಳು.

1862ರಲ್ಲಿ ಸೌತ್ ಕೆನ್ಸಿಂಗ್ಟನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ಫರ್ಮ್‌ಗೆ ಪದಕಗಳು ಬಂದವು. ಪ್ರತಿಸ್ಪರ್ಧಿ ಗಾಜುಗಾರರು ಮಾತ್ರ ಆ ಕಿಟಕಿಗಳು ಹೊಸವೇ ಅಲ್ಲ, ಯಾವುದೋ ಹಳೆಯ ಚರ್ಚಿನ ಗಾಜಿಗೆ ಮರುಬಣ್ಣ ಹಚ್ಚಿ ತಂದಿದ್ದಾರೆ ಎಂದು ದೂರಿದರು. ಹೊಸದಾಗಿ ಬಾಗಿಲು ತೆರೆದ ಅಂಗಡಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಸಿಗುವುದು ಕಷ್ಟ. 1865ರಲ್ಲಿ ಫರ್ಮ್ ಕ್ವೀನ್ ಸ್ಕ್ವೇರ್‌ಗೆ ಸ್ಥಳಾಂತರವಾಯಿತು. ವಾರಿಂಗ್ಟನ್ ಟೇಲರ್ ಎಂಬ ಕಟ್ಟುನಿಟ್ಟಿನ ವ್ಯವಸ್ಥಾಪಕ ಬಂದು, ಬೆಲೆ ಕಟ್ಟಲು ತಿಳಿಯದ ಕಲಾವಿದರನ್ನು ಗದರಿಸಿ ಲೆಕ್ಕ ಸರಿಪಡಿಸಿದ. ಸೇಂಟ್ ಜೇಮ್ಸ್ ಅರಮನೆಯ ಕೋಣೆಗಳ ಅಲಂಕಾರ, ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದ ಹಸಿರು ಭೋಜನಶಾಲೆ ಈ ಕಾಲದ ದೊಡ್ಡ ಕೆಲಸಗಳು. ಕ್ಷಯರೋಗದಿಂದ ಟೇಲರ್ 1870ರಲ್ಲಿ ತೀರಿಕೊಂಡ.

ಅಷ್ಟರಲ್ಲಿ ಫರ್ಮ್‌ನ ಸ್ವರೂಪವೇ ಬದಲಾಗಿತ್ತು. ಮಾರ್ಷಲ್ ತನ್ನ ವೃತ್ತಿಗೆ ಮರಳಿದ್ದ. ಫಾಕ್ನರ್ ಆಕ್ಸ್‌ಫರ್ಡ್‌ಗೆ ಹಿಂದಿರುಗಿದ್ದ. ರೊಸೆಟ್ಟಿ, ಬ್ರೌನ್ ತಮ್ಮ ಚಿತ್ರಗಳಲ್ಲಿ ಮುಳುಗಿ ಅಪರೂಪಕ್ಕೊಂದು ವಿನ್ಯಾಸ ಕೊಡುತ್ತಿದ್ದರು. ದಿನದಿನದ ಹೊಣೆ ಹೊತ್ತವನು ಮಾರಿಸ್. ಇನ್ನೊಂದೆಡೆ ತಾಮ್ರದ ಗಣಿಯ ಆದಾಯ 1870ರ ದಶಕದ ಆರಂಭದಿಂದ ಬತ್ತುತ್ತ ಬಂತು. ಹವ್ಯಾಸದ ಉತ್ಸಾಹದಲ್ಲಿ ಹುಟ್ಟಿದ ಅಂಗಡಿಯೇ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೀವನಾಧಾರವಾಗಬೇಕಾದ ಕಾಲ ಬಂತು. ಆದರೆ 1861ರ ಕರಾರಿನ ಪ್ರಕಾರ ಒಂದೊಂದು ಪೌಂಡ್ ಹಾಕಿದ ಏಳು ಮಂದಿಯೂ ಸಮಪಾಲಿನ ಒಡೆಯರು. ಫರ್ಮ್ ಸಾಲದಲ್ಲಿ ಬಿದ್ದರೆ ಎಲ್ಲರೂ ಹೊಣೆ, ಬೆಳೆದರೆ ಎಲ್ಲರಿಗೂ ಹಕ್ಕು.

1874ರಲ್ಲಿ ಮಾರಿಸ್ ಫರ್ಮ್ ಅನ್ನು ವಿಸರ್ಜಿಸಿ ತನ್ನೊಬ್ಬನ ಒಡೆತನಕ್ಕೆ ತೆಗೆದುಕೊಳ್ಳಲು ಮುಂದಾದ. ಬರ್ನ್-ಜೋನ್ಸ್, ವೆಬ್, ಫಾಕ್ನರ್ ತಮ್ಮ ಹಕ್ಕನ್ನು ಏನೂ ಪಡೆಯದೆ ಬಿಟ್ಟುಕೊಟ್ಟರು. ಬ್ರೌನ್, ರೊಸೆಟ್ಟಿ, ಮಾರ್ಷಲ್ ಒಪ್ಪಲಿಲ್ಲ. ಬ್ರೌನ್ ಪರವಾಗಿ ಥಿಯೋಡೋರ್ ವಾಟ್ಸ್ ಎಂಬ ವಕೀಲ ಬಂದು ಕುಳಿತ. ತಿಂಗಳುಗಟ್ಟಲೆ ಸಭೆ, ಪತ್ರ, ಚೌಕಾಸಿ ನಡೆದವು. ಮಾರಿಸ್‌ನ ಅಭಿಮಾನಿಗಳು ಬರೆದ ಚರಿತ್ರೆಗಳಲ್ಲಿ ಬ್ರೌನ್ ಹಣದಾಸೆಯವನಂತೆ ಕಾಣುವುದುಂಟು. ಅದು ನ್ಯಾಯವಲ್ಲ. ಯಾರಿಗೂ ಪರಿಚಯವಿಲ್ಲದ ಅಂಗಡಿಗೆ ಮೊದಲ ಗಿರಾಕಿಗಳನ್ನು ತಂದದ್ದರಲ್ಲಿ, ಮೊದಲ ಕಿಟಕಿಗಳಿಗೆ ಚಿತ್ರ ಬರೆದದ್ದರಲ್ಲಿ ಹಿರಿಯನಾದ ಬ್ರೌನ್‌ನ ಪಾಲು ದೊಡ್ಡದು. ಐವತ್ತು ದಾಟಿದ್ದ, ಎಂದೂ ಕೈತುಂಬ ಹಣ ಕಾಣದ ಆ ಚಿತ್ರಕಾರನಿಗೆ ಫರ್ಮ್ ಒಂದು ಆಸ್ತಿಯಾಗಿ ಕಂಡದ್ದು ಸಹಜ. ಹದಿನಾಲ್ಕು ವರ್ಷ ಹಗಲಿರುಳು ದುಡಿದ ಮಾರಿಸ್‌ಗೆ ಅದು ತನ್ನದೇ ಎನಿಸಿದ್ದೂ ಅಷ್ಟೇ ಸಹಜ. ಕಾನೂನು ಬ್ರೌನ್‌ನ ಕಡೆಗಿತ್ತು, ದುಡಿಮೆ ಮಾರಿಸ್‌ನ ಕಡೆಗಿತ್ತು.

ರೊಸೆಟ್ಟಿಯ ವಿಷಯದಲ್ಲಿ ಬೇರೆ ನೋವೂ ಬೆರೆತಿತ್ತು. ಜೇನ್ ಅವನ ಚಿತ್ರಗಳ ರೂಪದರ್ಶಿ. ಅವರಿಬ್ಬರ ಸಲಿಗೆ ಗೆಳೆಯರ ವಲಯದಲ್ಲಿ ಗುಟ್ಟಾಗಿ ಉಳಿದಿರಲಿಲ್ಲ. 1871ರಲ್ಲಿ ಥೇಮ್ಸ್ ನದಿಯ ಮೇಲ್ದಂಡೆಯ ಕೆಲ್ಮ್‌ಸ್ಕಾಟ್ ಎಂಬ ಹಳ್ಳಿಯಲ್ಲಿ ಹಳೆಯ ಕಲ್ಲಿನ ಮನೆಯೊಂದನ್ನು ಮಾರಿಸ್ ಮತ್ತು ರೊಸೆಟ್ಟಿ ಜಂಟಿಯಾಗಿ ಬಾಡಿಗೆಗೆ ಹಿಡಿದಿದ್ದರು. 1874ರ ಬೇಸಗೆಯಲ್ಲಿ ರೊಸೆಟ್ಟಿ ಆ ಮನೆ ಬಿಟ್ಟು ಹೋದ. ಕೊನೆಗೆ ಮೂವರಿಗೂ ತಲಾ 1000 ಪೌಂಡ್ ಕೊಡುವುದೆಂದು ಇತ್ಯರ್ಥವಾಯಿತು. ರೊಸೆಟ್ಟಿ ತನ್ನ ಪಾಲನ್ನು ಜೇನ್ ಹೆಸರಿಗೆ ತೆಗೆದಿಡಲು ಬಯಸಿದ. 1875ರ ಮಾರ್ಚ್ 31ರಂದು ಹಳೆಯ ಫರ್ಮ್ ಕೊನೆಗೊಂಡಿತು. ವ್ಯಾಪಾರ ಇನ್ನು ‘ಮಾರಿಸ್ ಅಂಡ್ ಕಂಪನಿ’ ಎಂಬ ಹೆಸರಿನಲ್ಲಿ ನಡೆಯುವುದೆಂದೂ ಬರ್ನ್-ಜೋನ್ಸ್ ಮತ್ತು ವೆಬ್ ಮೊದಲಿನಂತೆ ವಿನ್ಯಾಸ ಕೊಡುವರೆಂದೂ ಗಿರಾಕಿಗಳಿಗೆ ಸುತ್ತೋಲೆ ಹೋಯಿತು. ಬ್ರೌನ್ ಮತ್ತು ಮಾರಿಸ್ ಹಲವು ವರ್ಷ ಮಾತು ಬಿಟ್ಟರು. ರೊಸೆಟ್ಟಿಯೊಡನೆ ಹಳೆಯ ಗೆಳೆತನ ಮತ್ತೆ ಕೂಡಿಬರಲೇ ಇಲ್ಲ. 1882ರಲ್ಲಿ ಅವನು ತೀರಿಕೊಂಡ.

ಹೊಸ ಹೆಸರಿನಲ್ಲಿ ‘ಅಂಡ್ ಕಂಪನಿ’ ಎಂಬ ಬಾಲ ಹಾಗೆಯೇ ಉಳಿದದ್ದು ಗಮನಿಸತಕ್ಕದ್ದು. ಹಿಂದೆ ಅದರೊಳಗೆ ನಾಲ್ವರು ಪಾಲುದಾರರಿದ್ದರು, ಈಗ ಯಾರೂ ಇರಲಿಲ್ಲ. ಸರಕು ಕಳಪೆಯಾದರೆ ಹೊಣೆ ಹಂಚಿಕೊಳ್ಳುವವರಿಲ್ಲ. ಹೆಸರು ಕೆಟ್ಟರೆ ಕೆಡುವುದು ಅವನ ಹೆಸರೇ. ಆ ಬಳಿಕ ಮಾರಿಸ್ ದುಡಿದ ರೀತಿಯನ್ನು ನೋಡಿದರೆ ಈ ಹೊರೆ ಅವನಿಗೆ ಸರಿಯಾಗಿ ತಿಳಿದಿತ್ತೆನ್ನಬೇಕು. 1856ರಿಂದೀಚೆಗೆ ಪೇಟೆಗೆ ಬಂದಿದ್ದ ರಾಸಾಯನಿಕ ಬಣ್ಣಗಳು ಬೇಗ ಮಾಸುತ್ತಿದ್ದವು. ತನ್ನ ಹೆಸರಿನ ಬಟ್ಟೆ ಮಾಸಕೂಡದೆಂದು ಆತ ಲೀಕ್ ಪಟ್ಟಣದಲ್ಲಿ ಥಾಮಸ್ ವಾರ್ಡಲ್‌ನ ಬಣ್ಣದ ಕಾರ್ಖಾನೆಗೆ ಹೋಗಿ, ತೊಟ್ಟಿಯ ಮುಂದೆ ತಾನೇ ನಿಂತು ಕೆಲಸ ಕಲಿತ. ನೀಲಿ, ಮ್ಯಾಡರ್ ಬೇರಿನ ಕೆಂಪು, ವೆಲ್ಡ್ ಗಿಡದ ಹಳದಿ, ಆಕ್ರೋಟದ ಕಂದು ಇವನ್ನು ಹಳೆಯ ಪುಸ್ತಕಗಳಿಂದ ಹುಡುಕಿ ತೆಗೆದ. ಮೊಣಕೈವರೆಗೆ ನೀಲಿ ಬಣ್ಣ ಅಂಟಿಸಿಕೊಂಡು ಓಡಾಡುತ್ತಿದ್ದ ಈ ಮನುಷ್ಯ ಆಗಲೇ ಇಂಗ್ಲೆಂಡಿನ ಪ್ರಸಿದ್ಧ ಕವಿಯೂ ಆಗಿದ್ದ. ವಾರ್ಡಲ್ ಮುಂದೆ 1885-86ರಲ್ಲಿ ಭಾರತಕ್ಕೆ ಬಂದು ಬಂಗಾಳದ ರೇಷ್ಮೆಯನ್ನು ಅಭ್ಯಸಿಸಿದವನು. ತಾಮ್ರದ ಗಣಿಯ ನಿರ್ದೇಶಕ ಸ್ಥಾನವನ್ನೂ ಮಾರಿಸ್ ಈ ಹೊತ್ತಿಗೆ ಬಿಟ್ಟುಕೊಟ್ಟ. ಸಭೆಗಳಿಗೆಂದೇ ತೊಡುತ್ತಿದ್ದ ಎತ್ತರದ ರೇಷ್ಮೆ ಟೋಪಿಯನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕುಳಿತು ಅಪ್ಪಚ್ಚಿ ಮಾಡಿದನೆಂದು ಹೇಳುತ್ತಾರೆ.

1877ರಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟ್‌ನ 449ನೇ ಸಂಖ್ಯೆಯಲ್ಲಿ ‘ಮಾರಿಸ್ ಅಂಡ್ ಕಂಪನಿ’ಯ ಮಳಿಗೆ ತೆರೆಯಿತು. 1881ರಲ್ಲಿ ಲಂಡನ್ನಿನ ದಕ್ಷಿಣಕ್ಕಿರುವ ಮರ್ಟನ್ ಆ್ಯಬಿಯಲ್ಲಿ, ವಾಂಡಲ್ ಎಂಬ ಚಿಕ್ಕ ನದಿಯ ದಂಡೆಯಲ್ಲಿ ಕಾರ್ಯಾಗಾರಗಳು ನೆಲೆಗೊಂಡವು. ಅಂಗಡಿಗೆ ಇಡೀ ಬದುಕಿನಲ್ಲಿ ಎರಡೇ ಹೆಸರು ಇಟ್ಟ ಮಾರಿಸ್, ಅಲ್ಲಿ ತಯಾರಾದ ಸರಕಿಗೆ ಹೆಸರಿಡುವಾಗ ಧಾರಾಳಿ. ಮೊದಲ ಗೋಡೆಕಾಗದಗಳು ‘ಡೈಸಿ’, ‘ಫ್ರೂಟ್’, ‘ಟ್ರೆಲಿಸ್’. ರೆಡ್ ಹೌಸ್‌ನ ತೋಟದ ಗುಲಾಬಿ ಹಂದರವನ್ನು ನೆನಪಿಸುವ ‘ಟ್ರೆಲಿಸ್’ನಲ್ಲಿರುವ ಹಕ್ಕಿಗಳನ್ನು ಬರೆದವನು ವೆಬ್, ಹಕ್ಕಿ ಬರೆಯುವಷ್ಟು ಧೈರ್ಯ ಮಾರಿಸ್‌ಗೆ ಆಗ ಇರಲಿಲ್ಲ. ಅಂದಿನ ವ್ಯಾಪಾರಿಗಳು ಬಟ್ಟೆಗೆ ರಾಜಮನೆತನದ ಹೆಸರನ್ನೋ ಪ್ಯಾರಿಸ್ಸಿನ ಹೆಸರನ್ನೋ ಅಂಟಿಸಿ ಬೆಲೆ ಏರಿಸುತ್ತಿದ್ದಾಗ, ಇವನು ಬೇಲಿಯ ಗಿಡ, ಹಿತ್ತಲ ಹೂವುಗಳ ಹೆಸರುಗಳಲ್ಲಿ ತೃಪ್ತನಾಗಿದ್ದ.

1883ರ ಬಳಿಕ ಮರ್ಟನ್‌ನಲ್ಲಿ ಅಚ್ಚಾದ ಹತ್ತಿಬಟ್ಟೆಗಳಿಗೆ ನದಿಗಳ ಹೆಸರು ಬಂತು. ‘ಈವನ್‌ಲೋಡ್’, ‘ವಿಂಡ್ರಷ್’, ‘ಕೆನೆಟ್’, ‘ವೇ’, ‘ಕ್ರೇ’, ‘ಮೆಡ್ವೇ’. ಬಹುಪಾಲು ಎಲ್ಲವೂ ಥೇಮ್ಸ್‌ಗೆ ಸೇರುವ ಸಣ್ಣಪುಟ್ಟ ತೊರೆಗಳು. ದೊಡ್ಡ ನಕಾಶೆಯಲ್ಲಿ ಹುಡುಕಿದರೂ ಸುಲಭವಾಗಿ ಸಿಗುವಂಥವಲ್ಲ. ಬಟ್ಟೆಯ ಮೇಲೆ ಬಳ್ಳಿಗಳು ಓರೆಯಾಗಿ ಬಳುಕಿ ಹರಿಯುವ ರೀತಿಗೆ ಆ ಹೆಸರುಗಳು ಒಪ್ಪುತ್ತಿದ್ದವು. ಎಲ್ಲಕ್ಕಿಂತ ವಿಜೃಂಭಣೆಯ ವಿನ್ಯಾಸಗಳಲ್ಲಿ ಒಂದಕ್ಕೆ ‘ವಾಂಡಲ್’ ಎಂದು ಹೆಸರಿಟ್ಟದ್ದು ಕಾರ್ಯಾಗಾರದ ಬದಿಯ ನದಿಗೆ ಸಲ್ಲಿಸಿದ ಗೌರವ. ಬಣ್ಣದ ತೊಟ್ಟಿಯಿಂದ ತೆಗೆದ ಬಟ್ಟೆಯನ್ನು ಜಾಲಿಸುತ್ತಿದ್ದುದು ಅದರ ನೀರಿನಲ್ಲಿಯೇ. ‘ಕ್ರೇ’ ಅಚ್ಚು ಹಾಕಲು 34 ಮರದ ಅಚ್ಚುಗಳು ಬೇಕಾಗುತ್ತಿದ್ದವು. ಅದರ ಬೆಲೆಯೂ ಅದಕ್ಕೆ ತಕ್ಕಂತಿತ್ತು. ಕರಕುಶಲ ವಸ್ತುಗಳಿಗೆ ನದಿಯ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಮಳಿಗೆಗಳು ‘ಕಾವೇರಿ’ ಎಂಬ ಹೆಸರಿನಲ್ಲಿಯೇ ಜನರಿಗೆ ಪರಿಚಿತವಾಗಿವೆ.

ಅದೇ 1883ರ ‘ಸ್ಟ್ರಾಬೆರಿ ಥೀಫ್’, ಅಂದರೆ ಸ್ಟ್ರಾಬೆರಿ ಕಳ್ಳ, ಹೆಸರಿನ ಕಥೆ ಬೇರೆ. ಕೆಲ್ಮ್‌ಸ್ಕಾಟ್ ಮನೆಯ ತೋಟದಲ್ಲಿ ಹಣ್ಣಿಗೆ ಹೊದಿಸಿದ ಬಲೆಯ ಅಡಿಗೆ ನುಸುಳಿ ತ್ರಷ್ ಹಕ್ಕಿಗಳು ಸ್ಟ್ರಾಬೆರಿ ಕದಿಯುತ್ತಿದ್ದವು. ತೋಟದಾಳು ಅವನ್ನು ಕೊಲ್ಲಲು ಸಿದ್ಧನಿದ್ದ, ಒಡೆಯ ಬಿಡಲಿಲ್ಲ. ಆ ಕಳ್ಳರೇ ಬಟ್ಟೆಯ ಮೇಲೆ ಬಂದರು. ಬಟ್ಟೆಯನ್ನು ಪೂರ್ತಿ ನೀಲಿಯಲ್ಲಿ ಅದ್ದಿ, ಬೇಡದ ಕಡೆ ಬಣ್ಣ ತೆಗೆದು, ಆಮೇಲೆ ಕೆಂಪು ಹಳದಿ ಸೇರಿಸುವ ಈ ವಿಧಾನಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. ಅವನ ಅಚ್ಚಿನ ಬಟ್ಟೆಗಳಲ್ಲಿ ಅತಿ ಹೆಚ್ಚು ಬೆಲೆಯವುಗಳಲ್ಲಿ ಇದೂ ಒಂದು.

ಊರಿನ ಹೆಸರಿನ ಮೇಲೂ ಮಾರಿಸ್‌ಗೆ ಮೋಹವಿತ್ತು. 1878ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ನದಿಯ ಎದುರಿಗೆ ಆತ ಹಿಡಿದ ಮನೆಯ ಹೆಸರು ‘ದಿ ರಿಟ್ರೀಟ್’. ಹುಚ್ಚಾಸ್ಪತ್ರೆಯ ಹೆಸರಿನಂತಿದೆ ಎಂದು ಅದನ್ನು ಕಿತ್ತುಹಾಕಿ ‘ಕೆಲ್ಮ್‌ಸ್ಕಾಟ್ ಹೌಸ್’ ಎಂದು ಕರೆದ. ಅದೇ ಥೇಮ್ಸ್ ಮೇಲೆ ನೂರಕ್ಕೂ ಹೆಚ್ಚು ಮೈಲಿ ಹಿಂದಕ್ಕೆ ಸಾಗಿದರೆ ತನ್ನ ಹಳ್ಳಿಮನೆ ಸಿಗುತ್ತದೆಂಬುದು ಅವನ ಸಂತೋಷ. ಆ ಮನೆಯ ಬಂಡಿಕೊಟ್ಟಿಗೆಯಲ್ಲಿ ಮಗ್ಗ ಹೂಡಿ, ಹೆಣ್ಣುಮಕ್ಕಳಿಂದ ಕೈಗಂಟಿನ ರತ್ನಗಂಬಳಿ ನೇಯಿಸತೊಡಗಿದ. ಅಂಚಿನಲ್ಲಿ ಒಂದು ಸುತ್ತಿಗೆ, ಎಂ ಅಕ್ಷರ, ನದಿಯನ್ನು ಸೂಚಿಸುವ ಅಲೆಗೆರೆಗಳ ಗುರುತು ಇರುತ್ತಿತ್ತು. ಮಗ್ಗಗಳು ಮರ್ಟನ್‌ಗೆ ಹೋದ ಮೇಲೂ ಕೈಗಂಟಿನ ಗಂಬಳಿಗಳಿಗೆ ‘ಹ್ಯಾಮರ್‌ಸ್ಮಿತ್’ ಎಂಬ ಹೆಸರೇ ನಿಂತಿತು. ಮಾರಿಸ್‌ನ ವಿನ್ಯಾಸದಲ್ಲಿ ಹೊರಗಿನ ಕಾರ್ಖಾನೆಗಳು ಯಂತ್ರದಲ್ಲಿ ನೇಯ್ದ ಜಮಖಾನೆಗಳೂ ಅದೇ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಅವುಗಳಿಗೆ ಆ ಹೆಸರಿಲ್ಲ. ಗಿರಾಕಿ ಹೆಸರು ಕೇಳಿಯೇ ಕೈಯ ಕೆಲಸ ಯಾವುದು, ಯಂತ್ರದ್ದು ಯಾವುದೆಂದು ತಿಳಿಯಬಹುದಿತ್ತು. ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಬಿದರಿ ಕೆಲಸ ಎಂದು ವಸ್ತುವನ್ನು ಊರಿನಿಂದ ಗುರುತಿಸುವ ನಾಡಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹೆಸರು ಒಡೆಯನ ಮಾತು ಕೇಳುವ ವಸ್ತುವಲ್ಲ. ಅಮೆರಿಕದಲ್ಲಿ ಬೆನ್ನು ಹಿಂದಕ್ಕೆ ವಾಲಿಸಬಹುದಾದ ಆರಾಮ ಕುರ್ಚಿಗೆ ‘ಮಾರಿಸ್ ಚೇರ್’ ಎಂಬ ಹೆಸರು ಬಿದ್ದು, ಅಲ್ಲಿನ ಹಲವು ತಯಾರಕರು ಅದನ್ನು ರಾಶಿಗಟ್ಟಲೆ ಮಾಡಿ ಮಾರಿದರು. ಆ ಕುರ್ಚಿಯನ್ನು ಮಾರಿಸ್ ಕಲ್ಪಿಸಿದ್ದೂ ಅಲ್ಲ, ಮಾಡಿದ್ದೂ ಅಲ್ಲ. 1866ರಲ್ಲಿ ಸಸೆಕ್ಸ್ ಸೀಮೆಯ ಎಫ್ರೈಮ್ ಕೋಲ್ಮನ್ ಎಂಬ ಬಡಗಿಯ ಮನೆಯಲ್ಲಿ ಅಂಥದೊಂದು ಕುರ್ಚಿಯನ್ನು ಕಂಡ ವಾರಿಂಗ್ಟನ್ ಟೇಲರ್ ಅದರ ವಿವರವನ್ನು ವೆಬ್‌ಗೆ ಕಳಿಸಿದ್ದ. ವೆಬ್ ಅದನ್ನು ತಿದ್ದಿ ಫರ್ಮ್‌ಗೆ ಒಗ್ಗಿಸಿದ. ಹಳ್ಳಿಯ ಬಡಗಿ, ಗದರುವ ವ್ಯವಸ್ಥಾಪಕ, ಮೌನಿಯಾದ ವಾಸ್ತುಶಿಲ್ಪಿ ಈ ಮೂವರ ಕೆಲಸ ಜಗತ್ತಿನಾದ್ಯಂತ ಒಬ್ಬ ಮಾರಿಸ್‌ನ ಹೆಸರಿನಲ್ಲಿ ಮಾರಾಟವಾಯಿತು.

ಅಂಗಡಿಯ ಒಳಗೂ ಇದೇ ನಡೆಯಿತು. 1878ರಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟ್ ಮಳಿಗೆಯ ಸಹಾಯಕನಾಗಿ ಸೇರಿದ ಜಾನ್ ಹೆನ್ರಿ ಡರ್ಲ್ ಎಂಬ ಹುಡುಗ ಟ್ಯಾಪೆಸ್ಟ್ರಿ ನೇಯ್ಗೆ ಕಲಿತು, ಮುಂದೆ ಮುಖ್ಯ ವಿನ್ಯಾಸಕಾರನಾದ. ಅವನ ‘ಗೋಲ್ಡನ್ ಲಿಲಿ’, ‘ಬ್ಲ್ಯಾಕ್‌ಥಾರ್ನ್’ ಮುಂತಾದವನ್ನು ಜನ ಬಹುಕಾಲ ಮಾರಿಸ್‌ನದೇ ಎಂದು ನಂಬಿದ್ದರು. 1885ರಿಂದ ಕಸೂತಿ ವಿಭಾಗದ ಹೊಣೆ ಹೊತ್ತ ಮಗಳು ಮೇ ಮಾರಿಸ್‌ಳ ವಿನ್ಯಾಸಗಳಲ್ಲಿಯೂ ಕೆಲವು ತಂದೆಯ ಖಾತೆಗೆ ಹೋದವು. ಅವಳದು ಅದೇ ಅಡ್ಡಹೆಸರಾದ್ದರಿಂದ ತಪ್ಪು ಇನ್ನೂ ಸುಲಭ. ಮಧ್ಯಯುಗದ ಅನಾಮಿಕ ಕುಶಲಕರ್ಮಿಗಳನ್ನು ಬದುಕಿಡೀ ಕೊಂಡಾಡಿದವನ ಅಂಗಡಿಯಲ್ಲಿ ಅನಾಮಿಕತೆ ಹೀಗೆ ಬೇರೊಂದು ವೇಷದಲ್ಲಿ ಬಂದು ಕುಳಿತಿತ್ತು.

ಈ ವಿರೋಧಾಭಾಸ ಅವನಿಗೆ ತಿಳಿಯದ್ದೇನಲ್ಲ. 1883ರಲ್ಲಿ ಆತ ಸಮಾಜವಾದಿ ಸಂಘಟನೆಯೊಂದನ್ನು ಸೇರಿ ಬೀದಿ ಮೂಲೆಗಳಲ್ಲಿ ಭಾಷಣ ಮಾಡತೊಡಗಿದ. ಕೈಯಿಂದ ಮಾಡಿದ ವಸ್ತು ದುಬಾರಿ, ಕೊಳ್ಳುವವರು ಸಿರಿವಂತರೇ. ಸಮಾಜವಾದಿಯ ಹೆಸರಿನ ಅಂಗಡಿ ಶ್ರೀಮಂತರ ದಿವಾನಖಾನೆಗಳನ್ನು ಸಿಂಗರಿಸುತ್ತಿದೆಯೆಂದು ಪತ್ರಿಕೆಗಳು ಕುಟುಕಿದವು. ಲಾಭವನ್ನೆಲ್ಲ ಹಂಚಿಬಿಡಬಾರದೇಕೆ ಎಂದು ಕೇಳಿದವರಿಗೆ, ಒಂದು ಕಾರ್ಯಾಗಾರದ ಲಾಭ ಹಂಚುವುದರಿಂದ ಕೆಲವರ ಕೈಗೆ ತುಸು ಹೆಚ್ಚು ಕಾಸು ಬರಬಹುದೇ ಹೊರತು ವ್ಯವಸ್ಥೆ ಬದಲಾಗದೆಂದು ಆತ ವಾದಿಸಿದ. ಹಿರಿಯ ಕೆಲಸಗಾರರಲ್ಲಿ ಕೆಲವರಿಗೆ ಲಾಭದ ಪಾಲಿತ್ತು, ಕೂಲಿಯೂ ಹೊರಗಿನದಕ್ಕಿಂತ ಮೇಲಾಗಿತ್ತು. ಆ ಉತ್ತರ ಎಲ್ಲರಿಗೂ ಸಮಾಧಾನ ತರಲಿಲ್ಲ. ಬಹುಶಃ ಅವನಿಗೂ ತಂದಿರಲಾರದು.

ಕೊನೆಯ ಉದ್ಯಮಕ್ಕೆ ಮಾರಿಸ್ ತನ್ನ ಹೆಸರನ್ನು ಇಡಲಿಲ್ಲ. 1891ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ತೆರೆದ ಮುದ್ರಣಾಲಯಕ್ಕೆ ದೂರದ ಹಳ್ಳಿಯ ಹೆಸರು ಕೊಟ್ಟು ‘ಕೆಲ್ಮ್‌ಸ್ಕಾಟ್ ಪ್ರೆಸ್’ ಎಂದ. ಕೈಯಿಂದ ಮಾಡಿದ ಕಾಗದ, ತಾನೇ ವಿನ್ಯಾಸಗೊಳಿಸಿದ ಅಚ್ಚಕ್ಷರ, ಕೈಯಿಂದ ಒತ್ತುವ ಯಂತ್ರ. ಅಲ್ಲಿಂದ ಒಟ್ಟು 53 ಕೃತಿಗಳು ಹೊರಬಂದವು. ಬರ್ನ್-ಜೋನ್ಸ್‌ನ 87 ಚಿತ್ರಗಳಿರುವ ಚಾಸರ್ ಕವಿಯ ಸಂಪುಟ 1896ರ ಜೂನ್‌ನಲ್ಲಿ ಕೈಸೇರಿದಾಗ ಮಾರಿಸ್ ಹಾಸಿಗೆ ಹಿಡಿಯುವ ಸ್ಥಿತಿಯಲ್ಲಿದ್ದ. ಅಕ್ಟೋಬರ್ 3ರಂದು, 62ನೇ ವಯಸ್ಸಿನಲ್ಲಿ ತೀರಿಕೊಂಡ. ಶವಪೆಟ್ಟಿಗೆಯನ್ನು ಬಳ್ಳಿ ಎಲೆಗಳಿಂದ ಸಿಂಗರಿಸಿದ ರೈತರ ಬಂಡಿಯಲ್ಲಿ ಕೆಲ್ಮ್‌ಸ್ಕಾಟ್ ಚರ್ಚಿನ ಅಂಗಳಕ್ಕೆ ಒಯ್ದರು. ಸಮಾಧಿಯ ಕಲ್ಲನ್ನು ವಿನ್ಯಾಸಗೊಳಿಸಿದವನು ವೆಬ್.

ಕೆಲ್ಮ್‌ಸ್ಕಾಟ್ ಪ್ರೆಸ್‌ನ ಮುದ್ರಣಯಂತ್ರವೊಂದು ಆಮೇಲೆ ಆನಂದ ಕುಮಾರಸ್ವಾಮಿಯವರ ಕೈಗೆ ಬಂತು. ಸಿಂಹಳದ ಹಳ್ಳಿಗಾಡಿನ ಕುಶಲಕರ್ಮಿಗಳನ್ನು ಕುರಿತ ತಮ್ಮ ಮಹಾಗ್ರಂಥವನ್ನು ಅವರು 1908ರಲ್ಲಿ ಮುದ್ರಿಸಿ ಮುಗಿಸಿದ್ದು ಇಂಗ್ಲೆಂಡಿನ ಬ್ರಾಡ್ ಕ್ಯಾಂಪ್ಡನ್ ಎಂಬ ಹಳ್ಳಿಯಲ್ಲಿ, ಅದೇ ಯಂತ್ರದ ಮೇಲೆ. ಬ್ರಿಟಿಷ್ ವಾಣಿಜ್ಯ ಭಾರತದ ಕೈಕಸುಬುಗಳನ್ನು ಹೇಗೆ ಹಾಳುಗೆಡವುತ್ತಿದೆ ಎಂಬುದನ್ನು ಮಾರಿಸ್ 1879ರಷ್ಟು ಹಿಂದೆಯೇ ತನ್ನ ಉಪನ್ಯಾಸವೊಂದರಲ್ಲಿ ಎತ್ತಿ ಹೇಳಿದ್ದ. ಸ್ವದೇಶಿ ಚಳವಳಿಯ ಕಾಲದಲ್ಲಿ ಭಾರತೀಯ ಕರಕುಶಲ ಕಲೆಯ ಪರವಾಗಿ ಬರೆದ ಕುಮಾರಸ್ವಾಮಿಯವರ ಚಿಂತನೆಯಲ್ಲಿ ಆ ದನಿ ಕೇಳಿಸುತ್ತದೆ.

ಅಂಗಡಿಯ ಹೆಸರು ಒಡೆಯನ ಸಾವಿನ ನಂತರ ಹಿಗ್ಗುತ್ತ ಹೋಯಿತು. 1905ರಲ್ಲಿ ಅದಕ್ಕೆ ‘ಡೆಕೊರೇಟರ್ಸ್’ ಎಂಬ ಪದ ಸೇರಿತು, 1925ರಲ್ಲಿ ಅದರ ಬದಲು ‘ಆರ್ಟ್ ವರ್ಕರ್ಸ್’ ಎಂದಾಯಿತು. ಡರ್ಲ್ 1932ರಲ್ಲಿ ತೀರಿಕೊಂಡ. ಯುದ್ಧ ಆರಂಭವಾದ ಮೇಲೆ 1940ರಲ್ಲಿ ವ್ಯಾಪಾರ ಮುಚ್ಚಿತು; ಗೋಡೆಕಾಗದದ ಮರದ ಅಚ್ಚುಗಳು ಸ್ಯಾಂಡರ್ಸನ್ ಸಂಸ್ಥೆಯ ಪಾಲಾದವು. ಆ ಸಂಸ್ಥೆಯ ಉತ್ತರಾಧಿಕಾರಿಯಾದ ಸಮೂಹ ‘ಮಾರಿಸ್ ಅಂಡ್ ಕಂಪನಿ’ ಎಂಬ ಹೆಸರನ್ನು ಇಂದಿಗೂ ನಡೆಸಿಕೊಂಡು ಬಂದಿದೆ. ಯಂತ್ರಗಳಲ್ಲಿ ಅಚ್ಚಾಗುವ ಕಾಗದ, ಪರದೆ, ದಿಂಬಿನ ಚೀಲಗಳ ಮೇಲೆ ವೆಬ್ ಬರೆದ ಹಕ್ಕಿಗಳೂ ಡರ್ಲ್‌ನ ಲಿಲಿ ಹೂಗಳೂ ಕೆಲ್ಮ್‌ಸ್ಕಾಟ್‌ನ ಸ್ಟ್ರಾಬೆರಿ ಕಳ್ಳರೂ ಆ ಒಂದೇ ಹೆಸರಿನಡಿ ಮಾರಾಟವಾಗುತ್ತಿವೆ.